ಹಳೇ ಜಾಝ್ ತುಣುಕು, ಹೌಸ್ ಬೀಟ್: ಎರಡೂ ಸೇರಿ ಒಂದು ಹಾಡು ಆಗ್ತಾನೇ ಇಲ್ಲ

ತಾಳತಪ್ಪಿದವ:
ಮೂರು ವಾರದಿಂದ ಒಂದೇ ಹಾಡಿನ ಹಿಂದೆ ಬಿದ್ದಿದ್ದೇನೆ. ಪಾಪ್ ಸಿಂಗಲ್, ಮೂರು ನಿಮಿಷದೊಳಗೆ ಮುಗಿಯಬೇಕು ಅನ್ನೋದು ಲೆಕ್ಕ. 1920ರ ದಶಕದ ಕೊನೆಯ ಒಂದು ಜಾಝ್ ರೆಕಾರ್ಡಿನಿಂದ ಕ್ಲಾರಿನೆಟ್, ಟ್ರಂಪೆಟ್ ಇರುವ ಎಂಟು ಬಾರ್ (ನಾಲ್ಕು ಬೀಟಿನ ಎಂಟು ಆವರ್ತ) ಎತ್ತಿಕೊಂಡು, ಕೆಳಗೆ 126 ಬಿಪಿಎಂನಲ್ಲಿ (ನಿಮಿಷಕ್ಕೆ 126 ಬೀಟ್) ಹೌಸ್ ಬೀಟ್, ಅಂದರೆ ಕುಣಿಯೋ ಕ್ಲಬ್ಬುಗಳ ಡ್ರಮ್ ತಾಳ, ಹಾಕಿದ್ದೇನೆ. ಮೇಲೆ ನನ್ನ ತಂಗಿ ಹಾಡಿದ್ದಾಳೆ. ಬಿಡಿಬಿಡಿಯಾಗಿ ಕೇಳಿದರೆ ಎಲ್ಲವೂ ಚೆನ್ನಾಗಿದೆ. ಒಟ್ಟಿಗೆ ಕೇಳಿದರೆ ಅಕ್ಕಪಕ್ಕದ ಎರಡು ಕೋಣೆಯಲ್ಲಿ ಎರಡು ಹಾಡು ಹಾಕಿದ ಹಾಗಿದೆ. ತುಣುಕಿನ ಪ್ರತಿ ಬೀಟನ್ನೂ ಗ್ರಿಡ್‌ಗೆ ವಾರ್ಪ್ ಮಾಡಿದ್ದೇನೆ (ಎಳೆದು ಕೂರಿಸಿದ್ದೇನೆ), ಶ್ರುತಿಯೂ ಸೇರಿದೆ, ಬಾಸ್‌ನಿಂದ ಮೇಲಿನ ಹೊಳಪಿನವರೆಗೆ ಸದ್ದಿನ ಮಟ್ಟ ಹೊಂದಿಸುವ ಈಕ್ಯೂ ತಿರುಗಿಸಿ ತಿರುಗಿಸಿ ಸಾಕಾಯ್ತು. ಎಲ್ಲಿ ಎಡವುತ್ತಿದ್ದೇನೆ? ಇನ್ನೊಂದು ವಿಷಯ, ಇಷ್ಟು ಹಳೇ ರೆಕಾರ್ಡ್ ಅಂದಮೇಲೆ ಹಕ್ಕಿನ ತಕರಾರು ಇರೋದಿಲ್ಲ, ಅಲ್ವಾ?

ದಪ್ಪತಂತಿ:
ಈಕ್ಯೂ ಬಿಡಿ, ಅದರ ತಪ್ಪಲ್ಲ. ತಾಳದ ನಡೆ ಬೇರೆ ಬೇರೆ ಆಗಿದೆ. ನಿಮ್ಮ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳದ ತಟ್ಟೆ) ಬೀಟನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ. ಹಳೇ ಜಾಝ್‌ನ ಸ್ವಿಂಗ್ ನಡೆ ನುಡಿಸುವವರು ಹಾಗೆ ಮಾಡೋದಿಲ್ಲ, ಮೊದಲ ಪಾಲು ಉದ್ದ, ಎರಡನೆಯದು ಗಿಡ್ಡ. ಬಾಯಲ್ಲಿ ತಕಿಟ ತಕಿಟ ಅಂತ ಹೇಳಿಕೊಳ್ಳುತ್ತಾ 'ಕಿ' ಮಾತ್ರ ನುಂಗಿಬಿಡಿ, ಉಳಿಯುತ್ತಲ್ಲ ಆ ಕುಂಟು, ಹೆಚ್ಚುಕಮ್ಮಿ ಅದೇ ಸ್ವಿಂಗ್. ನೀವು ತಿಶ್ರದ (ಬೀಟಿಗೆ ಮೂರು ಪಾಲು) ಕೆಳಗೆ ಚತುರಶ್ರ (ಎರಡು, ನಾಲ್ಕು ಪಾಲು) ಇಟ್ಟಿದ್ದೀರಿ.

ಲೆಕ್ಕ ಹಾಕಿ ನೋಡಿ. 126ರಲ್ಲಿ ಒಂದು ಬೀಟ್ ಸುಮಾರು 476 ಮಿಲಿಸೆಕೆಂಡ್. ನಿಮ್ಮ ಹ್ಯಾಟ್ 238ಕ್ಕೆ ಬೀಳುತ್ತದೆ. ಪೂರ್ತಿ ತಿಶ್ರದಲ್ಲಿ ನುಡಿಸಿದ ಕ್ಲಾರಿನೆಟ್ ಆದರೆ 317ಕ್ಕೆ ಬರುತ್ತದೆ. 79 ಮಿಲಿಸೆಕೆಂಡ್ ವ್ಯತ್ಯಾಸ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತೆ ಸ್ವಾಮಿ. ಹಾಗಂತ ಪ್ರತಿ ಎಳೆಯನ್ನೂ ಹಿಡಿದು ವಾರ್ಪ್ ಮಾಡಿ ನೇರ ಮಾಡೋಕೆ ಹೋಗಬೇಡಿ, ಹಾಗೆ ಮಾಡಿದರೆ ಯಾವ ಕಾರಣಕ್ಕೆ ಆ ರೆಕಾರ್ಡ್ ಇಷ್ಟಪಟ್ಟಿರೋ ಅದೇ ಹೋಗುತ್ತೆ. ಈಗಿರುವ ವಾರ್ಪ್ ಗುರುತುಗಳನ್ನೂ ತೆಗೆದು ಪ್ರತಿ ಬಾರ್‌ನ ಮೊದಲ ಬೀಟಿಗೆ ಒಂದು ಸಾಕು. ಬಗ್ಗಬೇಕಾದ್ದು ಡ್ರಮ್. ರೋಜರ್ ಲಿನ್ ತನ್ನ ಎಲ್‌ಎಂ-1 ಡ್ರಮ್ ಮಷೀನಿನಲ್ಲಿ, ಅಂದರೆ 1980ರಲ್ಲೇ, ಸ್ವಿಂಗ್ ಗುಂಡಿ ಕೊಟ್ಟಿದ್ದು ಇದಕ್ಕೇ. ಮೊದಲ ಪಾಲು ಶೇಕಡಾ 50 ಅಂದರೆ ನೇರ, 66 ಅಂದರೆ ಹೆಚ್ಚುಕಮ್ಮಿ ತಿಶ್ರ. ನೀವು 58ರಿಂದ 62ರ ನಡುವೆ ಕಿವಿಯಿಂದಲೇ ಹುಡುಕಿ.

ಅಂದಹಾಗೆ ಮೂಲ ರೆಕಾರ್ಡಿನ ವೇಗ ಎಷ್ಟು?

ತಾಳತಪ್ಪಿದವ:
208. ಅದನ್ನೇ ಎಳೆದು 126 ಮಾಡಿದ್ದೇನೆ.

ದಪ್ಪತಂತಿ:
ಅಯ್ಯೋ. ಅದಕ್ಕೇ ಕ್ಲಾರಿನೆಟ್ ನಿದ್ದೆಗಣ್ಣಲ್ಲಿ ನುಡಿಸಿದ ಹಾಗೆ ಕೇಳಿಸುತ್ತಿರೋದು. ಅದನ್ನು ಮುಟ್ಟಲೇಬೇಡಿ, 208ರಲ್ಲೇ ಓಡಲಿ. ಹಾಡನ್ನು 104ಕ್ಕೆ ಇಳಿಸಿ. ಆಗ ಡ್ರಮ್ ಅರ್ಧ ವೇಗದಲ್ಲಿ ನಿಧಾನಕ್ಕೆ ನಡೆಯುತ್ತೆ, ಮೇಲೆ ಜಾಝ್ ಓಡುತ್ತಾ ಇರುತ್ತೆ, ನಿಮ್ಮ ತಂಗಿಗೂ ಮಾತು ಬಿಡಿಸಿ ಹಾಡೋಕೆ ಜಾಗ ಸಿಗುತ್ತೆ. ಒಂದೇ ಎಚ್ಚರ: ಈಗ ಸ್ವಿಂಗ್ ಹಾಕಬೇಕಾದ್ದು ಸಿಕ್ಸ್‌ಟೀನ್ತ್ ನೋಟಿಗೆ (ಕಾಲು ಬೀಟಿಗೆ), ಎಯ್ತ್‌ಗೆ (ಅರ್ಧ ಬೀಟಿಗೆ) ಅಲ್ಲ. ಜೊತೆಗೆ, ಅಷ್ಟು ವೇಗದಲ್ಲಿ ನುಡಿಸುವಾಗ ಸ್ವಿಂಗ್ ತಾನಾಗಿಯೇ ಸ್ವಲ್ಪ ಚಪ್ಪಟೆಯಾಗಿರುತ್ತೆ, ಆದ್ದರಿಂದ 58ರ ಹತ್ತಿರವೇ ಶುರು ಮಾಡಿ.

ರಾತ್ರಿಗೂಬೆ:
ಬೈಬೇಡಿ, ಆದರೆ ನನಗೆ ಈ ಬಗೆಯ ಹಾಡುಗಳೇ ಬೇಜಾರು. ಚರಚರ ಸದ್ದು, ನಾಲ್ಕು ಬಾರ್ ಟ್ರಂಪೆಟ್, ಫಿಲ್ಟರ್ ಮುಚ್ಚಿ ತೆಗೆದು ಧಡ್ ಅಂತ ಕಿಕ್ ಡ್ರಮ್. ಕೇಳಿದ್ದೇ ಎಷ್ಟು ಸಲ! ಹೊಸದೂ ಅಲ್ಲ, ಡೂಪ್ ಅನ್ನೋ ಡಚ್ ಜೋಡಿ ಹಳೇ ಚಾರ್ಲ್ಸ್‌ಟನ್ ಕುಣಿತದ ಬ್ರಾಸ್ ವಾದ್ಯಗಳ ಕೆಳಗೆ ಹೌಸ್ ಬೀಟ್ ಇಟ್ಟು 1994ರಲ್ಲೇ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿತ್ತು. ಮೊದಲ ನಿಮಿಷ ಕುಣಿಯೋಣ ಅನ್ನಿಸುತ್ತೆ. ಎರಡನೇ ನಿಮಿಷಕ್ಕೆ ಅದೇ ಎಂಟು ಬಾರ್ ಹನ್ನೊಂದನೇ ಸಲ ತಿರುಗುವಾಗ ಯಾರಿಗೆ ಬೇಕು? ಜಾಝ್ ಅಂದರೆ ಪ್ರತಿ ಸಲವೂ ಒಂದಿಷ್ಟು ಬದಲಾಗೋದು. ಲೂಪ್ ಅದನ್ನೇ ಕೊಂದುಹಾಕುತ್ತೆ.

ದಪ್ಪತಂತಿ:
@ರಾತ್ರಿಗೂಬೆ ಲೂಪ್ ಬಗ್ಗೆ ಒಪ್ಪುತ್ತೇನೆ, ಉಳಿದದ್ದಕ್ಕೆ ಇಲ್ಲ. ಇದೇ ಬಗೆಯ ಹಾಡು ಮಾಡುವ ಫ್ರಾನ್ಸಿನ ಕ್ಯಾರವಾನ್ ಪ್ಯಾಲೇಸ್ ತಂಡ ಶುರು ಮಾಡಿದ್ದು ಡಬಲ್ ಬಾಸ್, ಗಿಟಾರ್, ವಯೊಲಿನ್ ನುಡಿಸುವ ಮೂವರು. ಆಸ್ಟ್ರಿಯಾದ ಪಾರೋವ್ ಸ್ಟೆಲಾರ್ ವೇದಿಕೆಗೆ ಬರೋದು ಸ್ಯಾಕ್ಸ್, ಟ್ರಂಪೆಟ್ ಇರುವ ಬ್ಯಾಂಡ್ ಕಟ್ಟಿಕೊಂಡು. ಕೈಯಲ್ಲಿ ವಾದ್ಯ ಇದ್ದವರಿಗೆ ಈ ದಾರಿಯಲ್ಲಿ ಇನ್ನೂ ಜಾಗ ಇದೆ.

ತವಡೆಪೆಟ್ಟಿಗೆ:
ನನ್ನ ಹುಚ್ಚು ಹಳೇ 78ರ ತಟ್ಟೆಗಳು (ನಿಮಿಷಕ್ಕೆ 78 ಸುತ್ತಿನ ಗ್ರಾಮೊಫೋನ್ ರೆಕಾರ್ಡು), ಹಾಗಾಗಿ ಸದ್ದಿನ ಬಗ್ಗೆ ಮಾತ್ರ ಹೇಳುತ್ತೇನೆ. ಮೈಕ್ರೊಫೋನ್ ಇಟ್ಟು ವಿದ್ಯುತ್ತಿನಿಂದ ರೆಕಾರ್ಡ್ ಮಾಡೋದು ವ್ಯಾಪಾರಕ್ಕೆ ಬಂದದ್ದು 1925ರಲ್ಲಿ. ಅದಕ್ಕೆ ಮುಂಚೆ ಎಲ್ಲರೂ ಸದ್ದು ಹಿಡಿಯುವ ಒಂದು ದೊಡ್ಡ ಕೊಂಬಿನ ಮುಂದೆ ನಿಂತು ನುಡಿಸುತ್ತಿದ್ದರು. ನಿಮ್ಮದು ಆಮೇಲಿನದು, ಪುಣ್ಯ. ಆದರೂ ಅದರಲ್ಲಿ ತೀರಾ ಕೆಳಗಿನ ಬಾಸ್ ಇಲ್ಲ, ಮೇಲಿನ ಹೊಳಪೂ ಇಲ್ಲ, ಇರೋದೆಲ್ಲ ನಡುವೆ. ಬಾಸ್ ಜಾಗ ಖಾಲಿ ಇರೋದು ನಿಮ್ಮ ಕಿಕ್‌ಗೆ ಅನುಕೂಲವೇ. ತೊಂದರೆ ಏನಂದರೆ ತಂಗಿಯ ದನಿಯೂ ಆ ನಡುವಿನ ಜಾಗದಲ್ಲೇ ಬಂದು ಕೂರುತ್ತೆ. ಕ್ಲಾರಿನೆಟ್ಟನ್ನು ಈಕ್ಯೂನಿಂದ ಕೊರೆದು ಕೊರೆದು ಸಣ್ಣ ಮಾಡಬೇಡಿ. ಅವಳು ಹಾಡುವಾಗ ಅದು ಸುಮ್ನೆ ಇರಲಿ, ಅವಳು ಉಸಿರು ತೆಗೆದುಕೊಳ್ಳುವ ಕಡೆ ಉತ್ತರ ಕೊಡಲಿ. ಹಳೇ ಜಾಝ್ ಹಾಡುಗಾರರೂ ಟ್ರಂಪೆಟ್, ಕ್ಲಾರಿನೆಟ್ ಊದುವವರೂ ಮಾಡುತ್ತಿದ್ದದ್ದು ಇದೇ. ಚರಚರ ಸದ್ದನ್ನು ಪೂರ್ತಿ ತೊಳೆಯಬೇಡಿ, ತೊಳೆದರೆ ನೀರಿನೊಳಗಿಂದ ಬಂದ ಹಾಗಾಗುತ್ತೆ.

ಹಕ್ಕಿನ ವಿಷಯ: ಹಳೇದು ಅಂದ ಮಾತ್ರಕ್ಕೆ ಬಿಟ್ಟಿ ಅಲ್ಲ. ಹಾಡಿನ ರಚನೆಗೆ ಒಂದು ಹಕ್ಕು, ಆ ರೆಕಾರ್ಡಿಂಗಿಗೆ ಇನ್ನೊಂದು. ಒಂದೊಂದು ದೇಶದ ನಿಯಮ ಒಂದೊಂದು ಥರ. ಅಮೆರಿಕದಲ್ಲಿ 1923ರಿಂದ 1946ರವರೆಗೆ ಬಂದ ರೆಕಾರ್ಡುಗಳಿಗೆ 100 ವರ್ಷದ ರಕ್ಷಣೆ ಇದೆ. ನಿಮ್ಮದು 1928ರದ್ದು ಅಂದುಕೊಳ್ಳಿ, ಅಲ್ಲಿ ಅದು ಬಿಡುಗಡೆಯಾಗೋದು 2029ರ ಜನವರಿಗೆ. ಸಿಂಗಲ್ ಆನ್‌ಲೈನ್‌ಗೆ ಹಾಕಿದರೆ ಅಮೆರಿಕಕ್ಕೂ ಹೋಗುತ್ತಲ್ಲ. ಅನುಮತಿ ತೆಗೆದುಕೊಳ್ಳಿ, ಇಲ್ಲವೇ ಯಾರ ಕೈಲಾದರೂ ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿ. ಹೊಸದಾಗಿ ನುಡಿಸಿದರೆ ರೆಕಾರ್ಡಿಂಗ್ ಹಕ್ಕಿನ ಗೊಡವೆ ತಪ್ಪುತ್ತೆ, ರಚನೆಯ ಹಕ್ಕು ಇನ್ನೂ ಇದೆಯಾ ಅಂತ ಆಗಲೂ ನೋಡಲೇಬೇಕು.

ರಾತ್ರಿಗೂಬೆ:
ಹೊಸದಾಗಿ ನುಡಿಸಿದರೆ ನನ್ನ ದೂರೂ ಮುಗೀತು. ಎಂಟು ಬಾರ್ ಬದಲು ಮೂವತ್ತೆರಡು ಬಾರ್ ನುಡಿಸಿಕೊಳ್ಳಿ, ಯಾವುದೂ ಮರುಕಳಿಸದ ಹಾಗೆ.

ತಾಳತಪ್ಪಿದವ:
ನಾಲ್ಕು ದಿನ ಆಯ್ತು, ವರದಿ ಒಪ್ಪಿಸುತ್ತೇನೆ. 104, ಸ್ವಿಂಗ್ 59. ಎರಡು ಕೋಣೆ ಒಂದಾಯ್ತು! ಅದಕ್ಕಿಂತ ದೊಡ್ಡ ಸುದ್ದಿ, ಕ್ಲಾರಿನೆಟ್ ನುಡಿಸುವ ಒಬ್ಬ ಗೆಳೆಯನಿಗೆ ಹಳೇ ತುಣುಕು ಕೇಳಿಸದೆ ಬರೀ ಸ್ವರದ ಸಾಲು ಹೇಳಿ ಅವನಿಂದ ನುಡಿಸಿಕೊಂಡೆ. ಮೊದಲ ಟೇಕ್ ತಪ್ಪುತಪ್ಪಾಗಿತ್ತು, ಮೂರನೆಯದು ತುಂಬಾ ಸರಿಯಾಗಿತ್ತು, ಕೊನೆಗೆ ಇಟ್ಟುಕೊಂಡದ್ದು ಎರಡನೆಯದು. ಹಳೇ ಸದ್ದು ಬರಲಿ ಅಂತ ಒಂದೇ ಮೈಕ್ ಇಟ್ಟು, ಮೊನೊದಲ್ಲಿ, ಮೇಲಿನ ಹೊಳಪು ಕತ್ತರಿಸಿದ್ದೇನೆ. ರಚನೆಯ ಹಕ್ಕು ಯಾರ ಹತ್ತಿರ ಇದೆ ಅಂತ ವಿಚಾರಿಸಿ ಪತ್ರ ಬರೆದಿದ್ದೇನೆ, ಅಲ್ಲಿಯವರೆಗೆ ಹಾಡು ಹೊರಗೆ ಬಿಡೋದಿಲ್ಲ.

ಒಂದೇ ಉಳಿದಿದೆ. ಕಿಕ್ ಬಿದ್ದಾಗೆಲ್ಲ ಡಬಲ್ ಬಾಸ್ ಮುಳುಗುತ್ತಿದೆ. ಕಿಕ್ ಬಿದ್ದಾಗೆಲ್ಲ ಬಾಸ್ ತಗ್ಗಿಸುವ ಸೈಡ್‌ಚೈನ್ ಹಾಕಿದರೆ ಬಾಸ್ ಏದುಸಿರು ಬಿಡುತ್ತೆ, ತೆಗೆದರೆ ಎಲ್ಲ ಗುಂಯ್ ಅನ್ನುತ್ತೆ.

ದಪ್ಪತಂತಿ:
ಕಿಕ್‌ನ ಬಾಲ ಉದ್ದ ಇದೆ, ಅಷ್ಟೇ. ಬಾಸ್‌ನ ಮುಂದಿನ ಸ್ವರ ಬರೋಕೆ ಮುಂಚೆ ಅದು ಮುಗಿಯಬೇಕು, ಹಾಗೆ ಕತ್ತರಿಸಿ. ಸೈಡ್‌ಚೈನ್ ತೆಗೆದೇ ಕೇಳಿ ನೋಡಿ. ಆಮೇಲೂ ಗುಂಯ್ ಅಂದರೆ ಆ ಎರಡು ಟ್ರ್ಯಾಕ್ ಮಾತ್ರ ಕಳಿಸಿ, ರಾತ್ರಿ ಕೂತು ನೋಡುತ್ತೇನೆ.