ಜನ ಕೂಗಿದರೆ ಮಗನ ಆಟ ಕೆಡುತ್ತದೆ, ಏನು ಮಾಡಲಿ?

ಜಮಖಂಡಿ ಅಪ್ಪ: ಮಗನಿಗೆ 13 ವರ್ಷ, ಕಬಡ್ಡಿ ರೇಡರ್. ಪ್ರಾಕ್ಟೀಸಿನಲ್ಲಿ ಹುಲಿ. ಆದರೆ ಜಾತ್ರೆ ಪಂದ್ಯದಲ್ಲಿ ಗೆರೆ ಪಕ್ಕದಲ್ಲೇ ನಿಂತ ಜನ "ಹಿಡೀರಿ ಅವನ್ನ" ಅಂದರೆ ಸಾಕು, ತಿರುಗಿ ನೋಡುತ್ತಾನೆ, ಅಷ್ಟರಲ್ಲಿ ಕಾಲು ಹಿಡಿದಿರುತ್ತಾರೆ. ಬೈದೂ ನೋಡಿದೆ.

ಮಣ್ಣಿನ ಅಂಕಣ: ಬೈಯಬೇಡ್ರಿ ಸರ್. ರೇಡಿಗೆ ಇರುವುದೇ 30 ಸೆಕೆಂಡು, ಅಷ್ಟು ಹೊತ್ತು ಬಾಯಲ್ಲಿ ಕಬಡ್ಡಿ ಕಬಡ್ಡಿ ನಿಲ್ಲಬಾರದು ಅಲ್ವಾ, ಆ ತನ್ನ ದನಿಯನ್ನೇ ಕೇಳಿಸಿಕೊಳ್ಳಲಿ, ಕಣ್ಣು ಎದುರಿನವರ ಮೊಣಕಾಲಿನ ಮೇಲಿರಲಿ. ನಾನು ಹುಡುಗರಿಗೆ ಪ್ರಾಕ್ಟೀಸಿನಲ್ಲೇ ಸ್ಪೀಕರ್ ಇಟ್ಟು ಡೊಳ್ಳಿನ ಸದ್ದು ಹಾಕುತ್ತೇನೆ. ಮೊದಲು ಸಣ್ಣಗೆ, ಆಮೇಲೆ ವಾರವಾರ ಜಾಸ್ತಿ. ಹೊರಗೆ ಕೂತವರಿಗೆ ಹೆಸರು ಹಿಡಿದು ಕಾಡಿಸುವ ಕೆಲಸ (ಅದನ್ನಂತೂ ಬಹಳ ಖುಷಿಯಿಂದ ಮಾಡುತ್ತಾರೆ!). ಒಂದು ತಿಂಗಳಲ್ಲಿ ಕಿವಿ ಪಳಗುತ್ತದೆ.

ವಿಜಯಪುರ ಸೈಕಲ್: ನಾನು ಚಿಕ್ಕವನಿದ್ದಾಗ ರೇಸಿನಲ್ಲಿ ನನ್ನನ್ನು ಕೆಡಿಸಿದ್ದು ಊರ ಜನ ಅಲ್ಲ, ನಮ್ಮಪ್ಪ. ತಿರುವಿನಲ್ಲಿ ನಿಂತು "ಒತ್ತೋ, ಒತ್ತೋ" ಅಂತಿದ್ದರು. ಅವರ ಮುಖ ನೋಡಲು ಹೋಗಿ ಒಮ್ಮೆ ಬಿದ್ದೆ. ನೀವು ಎಲ್ಲಿ ನಿಲ್ಲುತ್ತೀರಿ?

ಜಮಖಂಡಿ ಅಪ್ಪ: ಗೆರೆ ಪಕ್ಕದಲ್ಲೇ ರೀ. ಜೋರಾಗಿ ಕೂಗುವವನೂ ನಾನೇ. ಭಾನುವಾರ ಹಿಂದೆ ಕೂತು ಸುಮ್ನೆ ಶೇಂಗಾ ತಿನ್ನುತ್ತೇನೆ.