ಸಿನಿಮಾದಲ್ಲಿ ಮೈ ಜುಂ ಅನ್ನಿಸಿದ ಬಿಜಿಎಂ ಆಲ್ಬಂನಲ್ಲಿ ಯಾಕೆ ಬೇರೆ ಥರ ಕೇಳಿಸುತ್ತದೆ? ನೀವೀಗ ಯಾವುದನ್ನು ಕೇಳುತ್ತಿದ್ದೀರಿ?

ಮಂದ್ರ_ಷಡ್ಜ

ಹದಿನೈದು ದಿನದಿಂದ ಹಾಡು ಕೇಳುವುದನ್ನು ಬಿಟ್ಟು ಬರೀ ಬಿಜಿಎಂ, ಅಂದರೆ ಸಿನಿಮಾದ ಹಿನ್ನೆಲೆ ಸಂಗೀತ, ಕೇಳುತ್ತಿದ್ದೇನೆ. ರಾತ್ರಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು, ಒಂದು ಆಲ್ಬಂ ಮೊದಲಿಂದ ಕೊನೆಯವರೆಗೆ. ಮಧ್ಯದಲ್ಲಿ ಫೋನ್ ಮುಟ್ಟುವುದಿಲ್ಲ.

ಹೋದ ವಾರ ಪೂರ್ತಿ ಇಂಟರ್‌ಸ್ಟೆಲ್ಲರ್ (2014). ಹಾನ್ಸ್ ಝಿಮ್ಮರ್ ಅದಕ್ಕೆ ಲಂಡನ್ನಿನ ಟೆಂಪಲ್ ಚರ್ಚಿನ ದೊಡ್ಡ ಪೈಪ್ ಆರ್ಗನ್ ಬಳಸಿದ್ದಾರೆ. ನುಡಿಸಿದವರು ರೋಜರ್ ಸೇಯರ್. ಥಿಯೇಟರಿನಲ್ಲಿ ನೋಡಿದಾಗ ಆ ಆರ್ಗನ್ ಬಂದು ಎದೆಗೇ ಗುದ್ದಿತ್ತು. ಹೆಡ್‌ಫೋನಿನಲ್ಲಿ ಆ ಗುದ್ದು ಇಲ್ಲ. ಆದರೆ ಅಲ್ಲಿ ಕೇಳಿಸದೇ ಇದ್ದದ್ದು ಇಲ್ಲಿ ಕೇಳಿಸಿತು. ಮೆಲ್ಲಗೆ ಶುರುವಾಗುವ ಜಾಗಗಳಲ್ಲಿ ಯಾರೋ ಪಕ್ಕದಲ್ಲಿ ಮಲಗಿ ಉಸಿರಾಡುತ್ತಿರುವ ಹಾಗೆ ಇರುತ್ತದೆ. ಗಾಳಿಯಿಂದ ನುಡಿಯುವ ವಾದ್ಯ ಅದು, ಕಥೆ ನೋಡಿದರೆ ಗಾಳಿಯೇ ಇಲ್ಲದ ಜಾಗದಲ್ಲಿ ನಡೆಯುವುದು. ಅದು ಹೊಳೆದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಜಾಸ್‌ನಲ್ಲಿ (1975) ಉಲ್ಟಾ ಆಯಿತು. ಸಿನಿಮಾ ಮತ್ತೆ ನೋಡಿ, ಅದೇ ಗುಂಗಿನಲ್ಲಿ ಆಲ್ಬಂ ಹಾಕಿದರೆ ನಾನು ಕೇಳಿದ್ದು ಇದಲ್ಲವಲ್ಲ ಅನ್ನಿಸಿತು. ಧಾಟಿ ಅದೇ, ಆದರೆ ಉದ್ದ ಬೇರೆ, ಒಂದಾದ ಮೇಲೆ ಒಂದು ಬರುವ ಕ್ರಮ ಬೇರೆ, ಕೆಲವು ತುಣುಕು ಇಲ್ಲವೇ ಇಲ್ಲ. ಇದು ಯಾಕೆ ಹೀಗೆ? ಚಿತ್ರ ಇಲ್ಲದೆ ಬಿಜಿಎಂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಅಂತ ನೀವು ಬಯಸುತ್ತೀರಾ, ಅಥವಾ ಅದು ಚಿತ್ರದ ಜೊತೆಗೇ ಇದ್ದರೆ ಸಾಕಾ? ಜೊತೆಗೆ ಈಗ ಏನು ಕೇಳುತ್ತಿದ್ದೀರಿ ಅಂತಲೂ ಹೇಳಿ, ಮುಂದಿನ ವಾರಕ್ಕೆ ಬೇಕು.

ಎರಡನೇ_ರೀಲು

ನಿಮ್ಮ ಕಿವಿ ಸರಿಯಾಗಿಯೇ ಇದೆ. ಜಾಸ್‌ಗೆ 1975ರಲ್ಲಿ ಬಂದ ಎಲ್‌ಪಿಯಲ್ಲಿ ಇರುವುದು ಸಿನಿಮಾಕ್ಕೆ ನುಡಿಸಿದ ಸಂಗೀತವೇ ಅಲ್ಲ. ಜಾನ್ ವಿಲಿಯಮ್ಸ್ ಅದನ್ನು ಆಲ್ಬಂಗಾಗಿ ಬೇರೆಯಾಗಿ ಜೋಡಿಸಿ, ಆರ್ಕೆಸ್ಟ್ರಾದಿಂದ ಮತ್ತೊಮ್ಮೆ ನುಡಿಸಿ ಧ್ವನಿಮುದ್ರಿಸಿದರು. ಸಿನಿಮಾದಲ್ಲಿ ಕೇಳುವ ಮೂಲ ಧ್ವನಿಮುದ್ರಣ ಆಲ್ಬಂ ಆಗಿ ಬಂದದ್ದು 2000ದಲ್ಲಿ. ನೀವು ಹಾಕಿದ್ದು ಯಾವುದು ಅಂತ ಒಮ್ಮೆ ನೋಡಿಕೊಳ್ಳಿ.

ಹೀಗೆ ಮಾಡುವುದಕ್ಕೆ ಕಾರಣ ಇದೆ. ಸಿನಿಮಾಕ್ಕೆ ಬರೆದ ಸಂಗೀತ ತುಂಡು ತುಂಡಾಗಿರುತ್ತದೆ. ಒಂದು ತುಂಡು ನಾಲ್ಕು ನಿಮಿಷ ಇದ್ದರೆ ಇನ್ನೊಂದು ಹದಿನೈದೇ ಸೆಕೆಂಡು, ಬಾಗಿಲು ತೆಗೆಯುವಷ್ಟರಲ್ಲಿ ಮುಗಿಯುತ್ತದೆ. ಅದನ್ನು ಹಾಗೇ ಸಾಲಾಗಿ ಇಟ್ಟರೆ ಕೇಳುವವರಿಗೆ ಎಲ್ಲೂ ನೆಲೆ ಸಿಗುವುದಿಲ್ಲ. ಅದಕ್ಕೆ ಎರಡು ಮೂರು ತುಂಡು ಸೇರಿಸಿ ಒಂದು ಟ್ರ್ಯಾಕ್ ಮಾಡುತ್ತಾರೆ, ಕ್ರಮ ಬದಲಿಸುತ್ತಾರೆ. ಮಿಕ್ಸಿಂಗ್ ಕೂಡ ಬೇರೆ. ಸಿನಿಮಾದಲ್ಲಿ ಮಾತು, ಅಲೆ, ದೋಣಿಯ ಇಂಜಿನ್ ಎಲ್ಲದಕ್ಕೂ ಜಾಗ ಬಿಡಬೇಕು, ಆಲ್ಬಂನಲ್ಲಿ ಇಡೀ ಜಾಗ ಸಂಗೀತದ್ದೇ.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಜಾಸ್‌ನ ಬಿಜಿಎಂನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವ ಆಲ್ಬಂನಲ್ಲೂ ಸಿಗುವುದಿಲ್ಲ, ಯಾಕೆಂದರೆ ಅದು ಸಂಗೀತ ಇಲ್ಲದ ಜಾಗ. ಸಮುದ್ರದ ದಡ, ಜನ ಕಿರುಚಿಕೊಂಡು ನೀರಿನಿಂದ ಓಡುತ್ತಾರೆ, ಅಲೆಯ ಮೇಲೆ ಶಾರ್ಕಿನ ರೆಕ್ಕೆ ಬರುತ್ತಿದೆ. ಆದರೆ ಶಾರ್ಕ್ ಬರುವಾಗ ನುಡಿಯುವ ಆ ಎರಡು ಸ್ವರ ಕೇಳಿಸುವುದಿಲ್ಲ. ನೋಡಿದರೆ ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಹಿಡಿದು ಈಜುತ್ತಿರುತ್ತಾರೆ. ಎಲ್ಲರೂ ಉಸ್ಸಪ್ಪಾ ಅನ್ನುವ ಹೊತ್ತಿಗೆ ಅತ್ತ ಕಡೆ ನಿಜವಾದ ಶಾರ್ಕ್ ಬರುತ್ತದೆ, ಸಂಗೀತವೂ ಬರುತ್ತದೆ. ವಿಲಿಯಮ್ಸ್ ಆ ಹೊತ್ತಿಗೆ ನಮಗೆ ಒಂದು ಭಾಷೆ ಕಲಿಸಿಬಿಟ್ಟಿರುತ್ತಾರೆ: ಸಂಗೀತ ಇದ್ದರೆ ಶಾರ್ಕ್ ಇದೆ. ಹುಡುಗರ ವಿಷಯದಲ್ಲಿ ಸಂಗೀತ ನಮಗೆ ಮೊದಲೇ ನಿಜ ಹೇಳಿತ್ತು, ನಾವು ಕೇಳಿಸಿಕೊಳ್ಳಲಿಲ್ಲ ಅಷ್ಟೆ. ಇದನ್ನು ಹೆಡ್‌ಫೋನಿನಲ್ಲಿ ಹೇಗೆ ಕೇಳುತ್ತೀರಿ ಹೇಳಿ. ಅದಕ್ಕೆ ನನ್ನ ಓಟು ಚಿತ್ರದ ಜೊತೆಗೇ.

ಚೆಲ್ಲೊ_ಮೋಹ

ನಾನು ಒಪ್ಪುವುದಿಲ್ಲ, ಅಥವಾ ಅರ್ಧ ಮಾತ್ರ ಒಪ್ಪುತ್ತೇನೆ. ಚಿತ್ರ ಮುಗಿದ ಮೇಲೆ ಅಳತೆ ತೆಗೆದು ಹೊಲಿದ ಸಂಗೀತಕ್ಕೆ ನೀವು ಹೇಳಿದ್ದು ಸರಿ. ಆದರೆ ಸಂಗೀತವೇ ಮೊದಲು ಹುಟ್ಟಿದ ಸಿನಿಮಾಗಳೂ ಇವೆ, ಅವನ್ನು ಕೇಳಿದಾಗ ಚಿತ್ರ ಇಲ್ಲದಿದ್ದರೂ ಏನೂ ಕಮ್ಮಿ ಅನ್ನಿಸುವುದಿಲ್ಲ.

ಒಂದು ತಿಂಗಳಿಂದ ನಾನು ಕೇಳುತ್ತಿರುವುದು ಜೋಕರ್ (2019), ಹಿಲ್ಡರ್ ಗುಡ್ನಡೋಟಿರ್ ಅವರದ್ದು. ಅವರು ಸ್ವತಃ ಚೆಲ್ಲೊ ನುಡಿಸುವವರು. ಶೂಟಿಂಗಿಗೂ ಮುಂಚೆ, ಬರೀ ಸ್ಕ್ರಿಪ್ಟ್ ಓದಿ, ಚೆಲ್ಲೊ ಹಿಡಿದುಕೊಂಡು ಕುಳಿತು ಬರೆದರು. ಆ ಬಾತ್‌ರೂಂ ದೃಶ್ಯ ನೆನಪಿದೆಯಲ್ವಾ? ಮೂವರನ್ನು ಕೊಂದು ಓಡಿ ಬಂದ ಆರ್ಥರ್ ಒಳಗೆ ಬಂದು ಬಾಗಿಲು ಹಾಕಿ ನಿಧಾನಕ್ಕೆ ಕುಣಿಯಲು ಶುರು ಮಾಡುತ್ತಾನೆ. ಸ್ಕ್ರಿಪ್ಟಿನಲ್ಲಿ ಆ ಕುಣಿತ ಇರಲೇ ಇಲ್ಲ. ನಿರ್ದೇಶಕರು ಹಿಲ್ಡರ್ ಕಳಿಸಿದ್ದ ಚೆಲ್ಲೊ ತುಣುಕನ್ನು ಸೆಟ್ಟಿನಲ್ಲಿ ಹಾಕಿದರು, ಆರ್ಥರ್ ಪಾತ್ರ ಮಾಡಿದ ವಾಕೀನ್ ಫೀನಿಕ್ಸ್ ಪಾದ ಅದಕ್ಕೆ ಅಲುಗಲು ಶುರುವಾಯಿತು. ಅಂದರೆ ಅಲ್ಲಿ ಸಂಗೀತ ಹಿನ್ನೆಲೆ ಅಲ್ಲವೇ ಅಲ್ಲ, ನಟನೇ ಅದರ ಹಿಂದೆ ಹೋದ. 2020ರಲ್ಲಿ ಆಸ್ಕರ್ ಬಂತು, ಸರಿಯಾದ ಕೈಗೇ ಬಂತು.

ಇದೇನು ಹೊಸದಲ್ಲ. ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್ (1968) ಸಿನಿಮಾಕ್ಕೆ ಎನ್ನಿಯೊ ಮೊರಿಕೋನೆ ಶೂಟಿಂಗಿಗೆ ಮೊದಲೇ ಸಂಗೀತ ಮಾಡಿದ್ದರು, ಸೆರ್ಜಿಯೊ ಲಿಯೋನೆ ಅದನ್ನು ಸೆಟ್ಟಿನಲ್ಲಿ ಹಾಕಿ ಶೂಟ್ ಮಾಡುತ್ತಿದ್ದರು. ನಾಯಕಿ ರೈಲಿನಿಂದ ಇಳಿದು, ಕಾದು, ಸ್ಟೇಷನ್ ಒಳಗೆ ಹೋಗುತ್ತಾಳೆ. ಕ್ಯಾಮೆರಾ ಕಿಟಕಿಯಿಂದ ಅವಳನ್ನು ನೋಡುತ್ತದೆ. ಆಮೇಲೆ ಕ್ರೇನ್ ಮೇಲೇರಿ ಛಾವಣಿ ದಾಟಿ ಇಡೀ ಊರು ಕಾಣಿಸುವಾಗ ಸಂಗೀತವೂ ಅದರ ಜೊತೆಗೇ ಏರುತ್ತದೆ. ಕ್ರೇನ್ ಹೋಗಿದ್ದು ಸ್ವರದ ಅಳತೆಗೆ. ಅಕ್ಷರ ಒಂದೂ ಇಲ್ಲದ ಆ ಹೆಣ್ಣು ದನಿ ಕೇಳಿದರೆ ಈಗಲೂ ಗಂಟಲು ಕಟ್ಟುತ್ತದೆ, ಕಣ್ಣು ಮುಚ್ಚಿದ್ದರೂ.

ಕತ್ತಲೆ_ಕೋಣೆ

ಚೆಲ್ಲೊ_ಮೋಹ ಅವರೇ, ಚೆನ್ನಾಗಿ ಬರೆದಿದ್ದೀರಿ, ಆದರೆ ಮೊದಲು ಹುಟ್ಟಿದರೆ ಗಟ್ಟಿ, ಆಮೇಲೆ ಹುಟ್ಟಿದರೆ ಸಡಿಲ ಅನ್ನುವ ಲೆಕ್ಕ ನಡೆಯುವುದಿಲ್ಲ. ಸೈಕೋ (1960) ಇದೆಯಲ್ಲ. ಬರ್ನಾರ್ಡ್ ಹರ್ಮನ್ ಚಿತ್ರ ನೋಡಿಯೇ ಬರೆದರು. ಶವರ್ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಹೇಳಿದ್ದರು. ಹರ್ಮನ್ ಆದರೂ ಬರೆದು ಕೇಳಿಸಿದರು, ಹಿಚ್‌ಕಾಕ್ ಮನಸ್ಸು ಬದಲಿಸಿದರು.

ಇಡೀ ಸಿನಿಮಾಕ್ಕೆ ಬರೀ ತಂತಿವಾದ್ಯ. ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬಾಸ್, ಅಷ್ಟೇ. ಡ್ರಮ್ ಇಲ್ಲ, ಊದುವ ವಾದ್ಯ ಒಂದೂ ಇಲ್ಲ. ಅದರಲ್ಲೂ ಹೆಚ್ಚಿನ ಕಡೆ ತಂತಿಗಳಿಗೆ ಮ್ಯೂಟ್ ಹಾಕಿಸಿದ್ದಾರೆ, ತಂತಿಗಳನ್ನು ಹೊರುವ ಕುದುರೆಯ (ಬ್ರಿಡ್ಜ್) ಮೇಲೆ ಸಿಕ್ಕಿಸುವ ಆ ಸಣ್ಣ ತುಂಡು, ದನಿಯ ಹೊಳಪು ತೆಗೆದು ಮಂಕಾಗಿಸುತ್ತದೆ. ಶವರ್ ದೃಶ್ಯಕ್ಕೆ ಬಂದಾಗ ಮ್ಯೂಟ್ ತೆಗೆಸಿದರು. ನಾವು ಅಲ್ಲಿ ಬೆಚ್ಚಿ ಬೀಳುವುದು ಬರೀ ಚಾಕುವಿನಿಂದ ಅಲ್ಲ. ಅಷ್ಟು ಹೊತ್ತು ಬಾಯಿ ಮುಚ್ಚಿ ನುಡಿಸಿದ್ದ ತಂತಿಗಳು ಒಮ್ಮೆಲೇ ಬಾಯಿ ಬಿಡುತ್ತವೆ.

ನಾನು ಸುಮಾರು ಸಲ ಕೇಳಿರುವುದು ಮಾತ್ರ ಆ ಭಾಗವಲ್ಲ. ಹಣ ಕದ್ದ ಹುಡುಗಿ ಮಳೆಯಲ್ಲಿ ಕಾರು ಓಡಿಸಿಕೊಂಡು ಹೋಗುವಾಗ ಟೈಟಲ್ ಸಂಗೀತವೇ ಮತ್ತೆ ಬರುತ್ತದಲ್ಲ, ಅದು. ಟಿವಿಯ ಸೌಂಡ್ ಆಫ್ ಮಾಡಿ ಆ ದೃಶ್ಯ ನೋಡಿ. ಒಬ್ಬಳು ಕಾರು ಓಡಿಸುತ್ತಿದ್ದಾಳೆ, ವೈಪರ್ ಆಡುತ್ತಿದೆ. ಮುಗಿಯಿತು. ಈಗ ಸೌಂಡ್ ಹಾಕಿ. ಅವಳ ತಲೆಯೊಳಗೆ ಏನು ನಡೆಯುತ್ತಿದೆ ಅನ್ನುವುದೆಲ್ಲ ಆ ಪಿಟೀಲುಗಳಲ್ಲಿದೆ. ಅದೇ ತುಣುಕನ್ನು ಚಿತ್ರ ಇಲ್ಲದೆ ಕೇಳಿದರೂ ಕಾಲು ತಾನಾಗಿ ಆಕ್ಸಿಲರೇಟರ್ ಹುಡುಕುತ್ತದೆ.

ಗಡಿಯಾರದ_ಮುಳ್ಳು

ಇಂಟರ್‌ಸ್ಟೆಲ್ಲರ್ ಬಗ್ಗೆ ಒಂದು ಮಾತು. ನೀರಿನ ಗ್ರಹದ ದೃಶ್ಯದಲ್ಲಿ ಟಿಕ್ ಟಿಕ್ ಅಂತ ಬರುತ್ತದಲ್ಲ, ಒಂದೊಂದು ಟಿಕ್ಕಿಗೂ ಭೂಮಿಯಲ್ಲಿ ಒಂದು ದಿನ ಕಳೆಯುತ್ತದೆ, ಟಿಕ್ಕುಗಳ ನಡುವೆ 1.25 ಸೆಕೆಂಡು ಅಂತ ಎಲ್ಲ ಕಡೆ ಓದುತ್ತೇವೆ. ನಾನು ಲೆಕ್ಕ ಹಾಕಿದೆ. ಅಲ್ಲಿಯ ಒಂದು ಗಂಟೆ ಇಲ್ಲಿಯ 7 ವರ್ಷ, ಅಂದರೆ ಸುಮಾರು 2,557 ದಿನ. 3,600 ಸೆಕೆಂಡನ್ನು ಅದರಿಂದ ಭಾಗಿಸಿದರೆ ಒಂದು ದಿನಕ್ಕೆ 1.4 ಸೆಕೆಂಡು. ಹತ್ತಿರ ಬರುತ್ತದೆ, ಆದರೆ ಕೂಡುವುದಿಲ್ಲ. ಕೂಡದಿದ್ದರೂ ನನಗೆ ಪರವಾಗಿಲ್ಲ. ಆ ಟಿಕ್ ಕೇಳುವಾಗ ಮನೆಯಲ್ಲಿ ಕಾಯುತ್ತಿರುವ ಮಗಳು ದೊಡ್ಡವಳಾಗುತ್ತಿದ್ದಾಳೆ ಅಂತ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಅದು ಸುಳ್ಳಲ್ಲ.

ಇನ್ನೊಂದು, ಆ ಸಂಗೀತ ಹುಟ್ಟಿದ್ದೂ ಚಿತ್ರಕ್ಕಿಂತ ಮೊದಲೇ. ಬಾಹ್ಯಾಕಾಶದ ಕಥೆ ಅಂತ ಹೇಳದೆ, ತಂದೆ ಮತ್ತು ಮಗುವಿನ ಬಗ್ಗೆ ಒಂದು ಪುಟ ಬರೆದು ನಿರ್ದೇಶಕ ನೋಲನ್ ಅವರು ಝಿಮ್ಮರ್‌ಗೆ ಕೊಟ್ಟಿದ್ದರು. ಝಿಮ್ಮರ್ ಬರೆದದ್ದು ಆ ಪುಟಕ್ಕೆ.

ಹಳೇ_ರೇಡಿಯೋ

ಎಲ್ಲರೂ ಆಲ್ಬಂ ಆಲ್ಬಂ ಅನ್ನುತ್ತಿದ್ದೀರಿ. ನನಗೆ ಇಷ್ಟವಾದ ಅರ್ಧದಷ್ಟು ಬಿಜಿಎಂಗೆ ಆಲ್ಬಮ್ಮೇ ಇಲ್ಲ. ನಮ್ಮ ಸಿನಿಮಾಗಳಲ್ಲಿ ಕ್ಯಾಸೆಟ್ ಬಂದರೆ ಹಾಡಿನದ್ದು ಮಾತ್ರ ಬರುತ್ತಿತ್ತು, ರೀರೆಕಾರ್ಡಿಂಗ್, ಅಂದರೆ ಬಿಜಿಎಂ, ಸಿನಿಮಾದ ಪ್ರಿಂಟಿನಲ್ಲೇ ಉಳಿಯುತ್ತಿತ್ತು. ಘಟಶ್ರಾದ್ಧಕ್ಕೆ (1977) ಬಿ.ವಿ. ಕಾರಂತರಿಗೆ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ಸಂಸ್ಕಾರಕ್ಕೆ (1970) ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತ ಮಾಡಿದರು. ಇವನ್ನು ಕೇಳಬೇಕು ಅಂದರೆ ಸಿನಿಮಾ ಹಾಕಬೇಕು, ಮಾತಿನ ನಡುವೆ, ಹೆಜ್ಜೆ ಸದ್ದಿನ ನಡುವೆ ಹುಡುಕಬೇಕು. ನಾನು ಹಾಗೆ ಹುಡುಕಿ ಆಡಿಯೋ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಮಾತು ಸೇರಿಕೊಂಡಿರುತ್ತದೆ, ಇರಲಿ. ಈಗ ನನಗೆ ಆ ಮಾತು ಕೂಡ ಸಂಗೀತದ ಭಾಗವೇ ಆಗಿಬಿಟ್ಟಿದೆ.

ಈ ವಾರ ಕೇಳುತ್ತಿರುವುದು ಪಥೇರ್ ಪಾಂಚಾಲಿ (1955). ರವಿಶಂಕರ್ ಅವರು ಒಂದೇ ರಾತ್ರಿ ಕುಳಿತು ಮುಗಿಸಿದ ಸಂಗೀತ ಅದು. ಒಂದು ಜಾಗ ಹೇಳುತ್ತೇನೆ, ನಿಧಾನವಾಗಿ ಓದಿ. ತಂದೆ ತುಂಬಾ ದಿನದ ಮೇಲೆ ಮನೆಗೆ ಬಂದಿದ್ದಾನೆ. ಮಗಳು ತೀರಿಕೊಂಡದ್ದು ಅವನಿಗೆ ಗೊತ್ತಿಲ್ಲ. ತಂದದ್ದನ್ನೆಲ್ಲ ಒಂದೊಂದಾಗಿ ತೆಗೆದು ಹೆಂಡತಿಗೆ ತೋರಿಸುತ್ತಾ ಹೋಗುತ್ತಾನೆ. ಕೊನೆಗೆ ಮಗಳಿಗೆ ತಂದ ಸೀರೆ ಕೈಗೆ ಕೊಡುತ್ತಾನೆ. ತಾಯಿ ಆ ಸೀರೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕುಸಿಯುತ್ತಾಳೆ. ಬಾಯಿ ತೆರೆಯುತ್ತದೆ, ಅಳು ಕೇಳಿಸುವುದಿಲ್ಲ. ಆ ಜಾಗದಲ್ಲಿ ತಾರ್ ಶಹನಾಯಿ ಮೇಲಿನ ಸ್ಥಾಯಿಯಲ್ಲಿ ಅಳುತ್ತದೆ. ಅದು ಊದುವ ಶಹನಾಯಿ ಅಲ್ಲ, ಕಮಾನಿನಿಂದ ನುಡಿಸುವ ಎಸ್ರಾಜಿಗೆ ಒಂದು ಕಹಳೆ ಸೇರಿಸಿದ ವಾದ್ಯ, ಅದಕ್ಕೇ ಆ ದನಿಗೆ ಮನುಷ್ಯರ ಗಂಟಲಿನ ಒರಟುತನ ಇದೆ. ನುಡಿಸಿದವರು ದಕ್ಷಿಣಾಮೋಹನ ಠಾಕೂರ್.

ಅಲ್ಲಿ ನಟಿಯ ದನಿಯನ್ನೇ ತೆಗೆದು ವಾದ್ಯ ಇಟ್ಟಿದ್ದಾರೆ. ಇದಕ್ಕೆ ಹಿನ್ನೆಲೆ ಸಂಗೀತ ಅನ್ನುವ ಹೆಸರೇ ನನಗೆ ಸರಿ ಕಾಣುವುದಿಲ್ಲ. ಅದು ಮುಂದೆಯೇ ಇದೆ.

ಮಂದ್ರ_ಷಡ್ಜ

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ನಾನು ಹಾಕಿದ್ದು 1975ರ ಜೋಡಣೆಯೇ, ನೋಡಿಕೊಂಡೆ. 2000ದ್ದು ಹುಡುಕಿ ನಿನ್ನೆ ರಾತ್ರಿ ಕೇಳಿದೆ, ಕ್ರಮ ಸರಿಯಾಗಿ ಕೂಡಿತು. ಆಮೇಲೆ ರಟ್ಟಿನ ರೆಕ್ಕೆಯ ದೃಶ್ಯ ಮತ್ತೆ ನೋಡಿದೆ. ಏನೂ ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ ಕಿವಿ ಆ ಎರಡು ಸ್ವರಕ್ಕೆ ಕಾಯುತ್ತಲೇ ಇತ್ತು.

ತಾರ್ ಶಹನಾಯಿಯ ದೃಶ್ಯವನ್ನೂ ನೋಡಿದೆ. ಅದರ ಬಗ್ಗೆ ಈಗ ಬರೆಯಲು ಆಗುತ್ತಿಲ್ಲ, ಇನ್ನೊಮ್ಮೆ ಬರೆಯುತ್ತೇನೆ.

ಮುಂದಿನ ವಾರಕ್ಕೆ ಸೈಕೋ ಅಂತ ಇಟ್ಟುಕೊಂಡಿದ್ದೇನೆ. ಕತ್ತಲೆ_ಕೋಣೆ ಅವರೇ, ಯಾವ ಆಲ್ಬಂ ಕೇಳಲಿ?

ಕತ್ತಲೆ_ಕೋಣೆ

ಹರ್ಮನ್ ಅವರೇ ನಿಂತು ನಡೆಸಿದ 1975ರ ಧ್ವನಿಮುದ್ರಣ ಕೇಳಿ. ಸಿನಿಮಾ ಬಂದು ಹದಿನೈದು ವರ್ಷದ ಮೇಲೆ ಮತ್ತೆ ನುಡಿಸಿದ್ದು, ಅದೇ ವರ್ಷ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಗತಿ ಸಿನಿಮಾದಲ್ಲಿರುವುದಕ್ಕಿಂತ ನಿಧಾನ, ಮೊದಲ ಸಲ ಕೇಳುವಾಗ ಇದೇನು ಇಷ್ಟು ಭಾರ ಅನ್ನಿಸಬಹುದು. ಎರಡನೇ ಸಲಕ್ಕೆ ಕೆಳಗಿನ ಚೆಲ್ಲೊಗಳು ಏನು ಮಾಡುತ್ತಿವೆ ಅಂತ ಒಂದೊಂದೇ ಎಳೆ ಬಿಡಿಸಿ ಕೇಳಿಸುತ್ತದೆ. ಕಾರಿನ ಭಾಗಕ್ಕೆ ಬಂದಾಗ ಹೇಳಿ, ಅದೇ ಹೊತ್ತಿಗೆ ನಾನೂ ಹಾಕುತ್ತೇನೆ.