ಹಬ್ಬದ ಹುಲ್ಲು

“ಫಿಜಿಯ ಕಬ್ಬಿನ ಗುಡ್ಡಗಳು ಸಮುದ್ರಕ್ಕೆ ಜಾರದ ಹಾಗೆ ಹಿಡ್ಕೊಂಡಿರೋದು ಹಬ್ಬದ ಹುಲ್ಲು,” ಅಂತ ಸೀನಣ್ಣ ಕಾಫಿ ಲೋಟ ಕೆಳಗಿಟ್ಟ.

“ಗಣಪತಿಗೆ ಏರಿಸ್ತೀವಲ್ಲ, ಆ ಗರಿಕೆನಾ?” ಮಂಜನ ಕಣ್ಣರಳಿತು.

“ಗರಿಕೆ ಹಬ್ಬದ ಹುಲ್ಲೇ, ಆದರೆ ಹಬ್ಬೋ ಹುಲ್ಲು. ಇಲ್ಲಿ ನೆಟ್ಟರೆ ಪಕ್ಕದವರ ಹೊಲದಲ್ಲಿ ತಲೆ ಎತ್ತುತ್ತೆ. ನಾನು ಹೇಳ್ತಿರೋದು ಹಬ್ಬದೇ ಕೂರೋ ಹುಲ್ಲು. ಲಾವಂಚ.”

“ಮಡಕೆ ನೀರಿಗೆ ಹಾಕೋದು?”

“ಮಡಕೆಗೆ ಹಾಕೋದೂ ಬೇರು, ಗುಡ್ಡ ಹಿಡಿಯೋದೂ ಬೇರು. ಎರಡೂ ಒಟ್ಟಿಗೆ ಆಗಲ್ಲ, ತಕರಾರು ಇರೋದೇ ಅಲ್ಲಿ. ಅದಕ್ಕೆ ಆಮೇಲೆ ಬರೋಣ.”

ಮಂಜ ಅಷ್ಟು ಸುಲಭಕ್ಕೆ ಬಿಡೋ ಆಸಾಮಿ ಅಲ್ಲ. “ದ್ವೀಪಕ್ಕೆ ಹೊರಗಿನಿಂದ ಏನು ತಂದರೂ ಎಡವಟ್ಟೇ ಅಣ್ಣಾ. ಅದೇ ಫಿಜಿಗೆ 1883ರಲ್ಲಿ, ಕಬ್ಬು ತಿನ್ನೋ ಇಲಿ ಹಿಡೀಲಿ ಅಂತ ನಮ್ಮ ಮುಂಗುಸಿ ತರಿಸಿದರು. ಇಲಿಗೆ ರಾತ್ರಿ ಪಾಳಿ, ಮುಂಗುಸಿಗೆ ಹಗಲು ಪಾಳಿ. ಭೇಟಿಯಾಗೋದೇ ಅಪರೂಪ. ನೆಲದಲ್ಲಿ ಗೂಡು ಕಟ್ಟೋ ಹಕ್ಕಿಗಳಿಗೆ ಮಾತ್ರ ಗ್ರಹಚಾರ. ತಹೀತಿ ದ್ವೀಪಕ್ಕೆ 1937ರಲ್ಲಿ ಎಲೆ ಚೆಂದ ಅಂತ ಮೈಕೋನಿಯಾ ಅನ್ನೋ ಗಿಡ ತಂದರು. ಹಕ್ಕಿಗಳು ಬೀಜ ತಿಂದು ಕಾಡಿಗೆಲ್ಲ ಹಂಚಿದವು. ಈಗ ಅದರ ನೆರಳಲ್ಲಿ ಅಲ್ಲಿನ ಗಿಡಗಳಿಗೆ ಉಸಿರಿಲ್ಲ. ನಿಮ್ಮ ಲಾವಂಚ ಒಂದೇ ಸಾಧುವಾ?”

“ಸಾಧು ಅನ್ನೋಕಿಂತ ಸನ್ಯಾಸಿ ಅನ್ನು,” ಅಂದರು ನರ್ಸರಿಯ ಗಿರಿಜಕ್ಕ. “ನಮ್ಮ ದಕ್ಷಿಣದ ತಳಿ ಹೂ ಬಿಟ್ಟರೂ ಮೊಳೆಯೋ ಬೀಜ ಕಟ್ಟಲ್ಲ. ಗರಿಕೆ ಥರ ನೆಲದ ಮೇಲೆ ಬಳ್ಳಿ ಓಡಿಸಲ್ಲ, ಜೇಕಿನ ಥರ ಒಳಗಿಂದೊಳಗೇ ಗಡ್ಡೆ ಕಳಿಸಲ್ಲ. ನೆಟ್ಟಲ್ಲೇ ಬುಡ ದಪ್ಪ ಮಾಡ್ಕೊಂಡು ಕೂರುತ್ತೆ. ಬೇಡ ಅನ್ನಿಸಿದ ದಿನ ಬುಡದ ಕೆಳಗೆ ಗುದ್ದಲಿ ಹಾಕಿ ಕತ್ತರಿಸಿ ಎತ್ತಿದರೆ ಮುಗೀತು, ಕೆಳಗೆ ಉಳಿದ ಬೇರು ಮತ್ತೆ ಚಿಗುರಲ್ಲ. ಆದರೆ ಉತ್ತರ ಭಾರತದ ಕಡೆ ಕಾಡು ತಳಿ ಒಂದಿದೆ, ಅದು ಬೀಜ ಕಟ್ಟುತ್ತೆ. ದ್ವೀಪಕ್ಕೆ ಅದು ಕಾಲಿಡಕೂಡದು. ಯಾರಾದರೂ ಲಾವಂಚದ ಬೀಜದ ಪೊಟ್ಟಣ ಮಾರೋಕೆ ಬಂದರೆ, ಒಂದೋ ಅವನು ಸುಳ್ಳು ಹೇಳ್ತಿದ್ದಾನೆ, ಇಲ್ಲ ನಿಜ ಹೇಳ್ತಿದ್ದಾನೆ. ಎರಡೂ ಅಪಾಯ.”

“ಸರಿ, ಸನ್ಯಾಸಿ ಫಿಜಿಯಲ್ಲಿ ಮಾಡಿದ್ದೇನು?”

“1950ರ ದಶಕದಲ್ಲಿ ಸಕ್ಕರೆ ಕಂಪನಿ ಕಬ್ಬನ್ನ ಗುಡ್ಡಕ್ಕೂ ಹತ್ತಿಸ್ತು,” ಸೀನಣ್ಣ ಶುರು ಮಾಡಿದ. “ಇಳಿಜಾರು, ಜಡಿಮಳೆ, ಉತ್ತ ಮಣ್ಣು. ಹೇಳಬೇಕಾ? ಲಾವಂಚ ಅಷ್ಟರಲ್ಲಾಗಲೇ ಆ ದ್ವೀಪದಲ್ಲಿತ್ತು. ಕಂಪನಿಯ ಜಾನ್ ಗ್ರೀನ್‌ಫೀಲ್ಡ್ ಅದನ್ನ ಗುಡ್ಡಕ್ಕೆ ಅಡ್ಡಡ್ಡ ಸಾಲು ನೆಡಿಸಿದ. ದಶಕಗಳು ಕಳೆದ ಮೇಲೆ ಸಾಲಿನ ಹಿಂದೆ ಮಣ್ಣು ಕೂತು ಕೂತು ಆಳೆತ್ತರದ ಮೆಟ್ಟಿಲು! 1980ರ ದಶಕದಲ್ಲಿ ಅದೇ ಗ್ರೀನ್‌ಫೀಲ್ಡ್, ವಿಶ್ವ ಬ್ಯಾಂಕಿನ ರಿಚರ್ಡ್ ಗ್ರಿಮ್‌ಶಾ ಜೊತೆ ಈ ಉಪಾಯ ಹೊತ್ತುಕೊಂಡು ಭಾರತಕ್ಕೆ ಬಂದ. ಬಂದು ನೋಡಿದರೆ, ನಮ್ಮ ಗುಂಡ್ಲುಪೇಟೆ ರೈತರು ತಲೆತಲಾಂತರದಿಂದ ಹೊಲದ ಬದುವಿಗೆ ಅದನ್ನೇ ನೆಟ್ಕೊಂಡು ಕೂತಿದ್ದಾರೆ.”

“ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದ್ರಾ!”

“ಅಜ್ಜಿ ನೆಟ್ಟಿದ್ದು ಬದುವಿನ ಗುರುತಿಗೆ. ಸಮಪಾತಳಿ ನೋಡಿ, ಲೆಕ್ಕ ಹಾಕಿ ಇಡೀ ಇಳಿಜಾರಿಗೆ ನೆಡೋದು ಮೊಮ್ಮಗನ ವಿದ್ಯೆ.”

“ಹುಲ್ಲಿಗೆ ಲೆಕ್ಕ ಬೇರೆ ಕೇಡು.”

“ಲೆಕ್ಕ ತಪ್ಪಿದರೆ ಹುಲ್ಲೇ ಕೊರಕಲು ತೋಡಿಸುತ್ತೆ ಮಂಜ. ಕೇಳು. ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಹಿಡಿದು ಒಂದೇ ಮಟ್ಟದಲ್ಲಿ ಗೂಟ ಹೊಡಿ. ಕೆಳಗಿನ ಸಾಲು 2 ಮೀಟರ್ ಇಳಿದ ಮೇಲೆ. ಗುಡ್ಡದ ಇಳಿಜಾರು ನೂರಕ್ಕೆ ಹತ್ತು ಇದ್ದರೆ 20 ಮೀಟರಿಗೊಂದು ಸಾಲು, ನೂರಕ್ಕೆ ಐದಾದರೆ 40 ಮೀಟರಿಗೊಂದು. ಕಬ್ಬಿಗೆ ಜಾಗ ಹೋಯ್ತು ಅಂತ ಗೋಳಾಡೋ ಹಾಗೇ ಇಲ್ಲ.”

“ಸಸಿ ಲೆಕ್ಕ ನಂದು,” ಅಂದರು ಗಿರಿಜಕ್ಕ. “ಹಳೇ ಬುಡ ಅಗೆದು ಕೈಯಲ್ಲೇ ಬಿಡಿಸ್ಕೋ. 2–3 ತೆಂಡೆಗೆ, ಅಂದರೆ ಬುಡದಿಂದ ಒಡೆದ ಮರಿಗೆ, ಒಂದು ಕಟ್ಟು. ಎಲೆ 20 ಸೆಂಟಿಮೀಟರ್ ಬಿಟ್ಟು ಕತ್ತರಿಸು, ಬೇರು 10. ಉದ್ದ ಬೇರು ಬಿಟ್ಟರೆ ಕುಳಿಯಲ್ಲಿ ಮೇಲಕ್ಕೆ ಮಡಚಿಕೊಳ್ಳುತ್ತೆ, ಎಲೆ ಜಾಸ್ತಿ ಬಿಟ್ಟರೆ ನೀರೆಲ್ಲ ಆರಿ ಸಸಿ ಸೊರಗುತ್ತೆ. ಒದ್ದೆ ಗೋಣಿ ಸುತ್ತಿ ನೆರಳಲ್ಲಿಡು. ಕಟ್ಟಿಂದ ಕಟ್ಟಿಗೆ 15 ಸೆಂಟಿಮೀಟರ್. ನೂರು ಮೀಟರ್ ಸಾಲಿಗೆ ಹತ್ತಿರತ್ತಿರ 670 ಕಟ್ಟು, ಕಟ್ಟಿಗೆ ಮೂರರಂತೆ ಸುಮಾರು 2,000 ತೆಂಡೆ. ಒಂದು ಒಳ್ಳೇ ಬುಡದಲ್ಲಿ 40 ತೆಂಡೆ ಸಿಕ್ಕರೆ 50 ಬುಡ ಅಗೀಬೇಕು. ಫಿಜಿಯಲ್ಲಿ ಮಳೆಗಾಲ ನವೆಂಬರಿಂದ ಏಪ್ರಿಲ್. ಹದವಾದ ಎರಡು ಮಳೆ ಬಿದ್ದ ತಕ್ಷಣ ನೆಟ್ಟರೆ ಮಳೆಗಾಲ ಮುಗಿಯೋ ಹೊತ್ತಿಗೆ ಬೇರು ಇಳಿದಿರುತ್ತೆ. ಮಳೆಗಾಲದ ಕೊನೇಲಿ ನೆಟ್ಟವರು ಆಮೇಲೆ ಕೊಡ ಹೊತ್ತು ಸಾಯಬೇಕು.”

“ಒಂದೆರಡು ಸತ್ತರೆ ಏನಾಗುತ್ತೆ ಬಿಡಿ ಅಕ್ಕ.”

ಸೀನಣ್ಣ ನೆಟ್ಟಗೆ ಕೂತ. “ಅಲ್ಲೇ ಎಡವೋದು! ಸಾಲು ತುಂಬಿಕೊಂಡಿದ್ದರೆ ನೀರು ಬಂದು ಗೋಡೆಗೆ ಒರಗಿದ ಹಾಗೆ ನಿಲ್ಲುತ್ತೆ, ಹಿಂದಕ್ಕೆ ಹರಡುತ್ತೆ, ಹೊತ್ತು ತಂದ ಮಣ್ಣು ಇಳಿಸಿ ಕಾಂಡದ ಸಂದುಗಳಲ್ಲಿ ಸೋಸಿಕೊಂಡು ಮುಂದೆ ಹೋಗುತ್ತೆ. ಮಣ್ಣು ಬುಡ ಮುಚ್ಚಿದರೆ ಗೆಣ್ಣಲ್ಲಿ ಹೊಸ ಬೇರು ಬಿಟ್ಟು ಹುಲ್ಲೂ ಮೇಲೇಳುತ್ತೆ. ಎರಡು ಕಟ್ಟು ಸತ್ತು ಮೊಳದಗಲ ಸಂದಿ ಬಿತ್ತು ಅಂದ್ಕೋ. ಇಡೀ ಸಾಲಿನ ಹಿಂದೆ ನಿಂತ ನೀರು ಆ ಒಂದೇ ಬಾಗಿಲಲ್ಲಿ ನುಗ್ಗುತ್ತೆ. ಹುಲ್ಲೇ ಇಲ್ಲದಿದ್ದಾಗ ಬೀಳದ ಕೊರಕಲು ಈಗ ಬೀಳುತ್ತೆ. ಅದಕ್ಕೇ ನೆಟ್ಟ ತಿಂಗಳಲ್ಲೇ ಸಾಲುದ್ದಕ್ಕೂ ನಡೆದು ಸತ್ತಿದ್ದನ್ನ ಬದಲಾಯಿಸಬೇಕು. ಬೇಲಿ ಗಟ್ಟಿಯಾಗೋಕೆ 2–3 ಮಳೆಗಾಲ ಬೇಕು. ಅಲ್ಲೀವರೆಗೂ ಅದು ಬರೀ ಭರವಸೆ.”

“ಇನ್ನೇನೇನು ಕೆಡುತ್ತೆ?”

“ನೆರಳು. ಸನ್ಯಾಸಿಗೆ ಬಿಸಿಲೇ ಊಟ. ಮೊದಲ ವರ್ಷ ಕಬ್ಬು ಮೈ ಮೇಲೆ ಬಿದ್ದರೆ ಬಡವಾಗುತ್ತೆ, ಹತ್ತಿರದ ಕಬ್ಬು ಸ್ವಲ್ಪ ದೂರವೇ ಇರಲಿ. ಕಳೆನಾಶಕ ಹೊಡೆಯೋವಾಗ ಸಾಲಿನ ಮೇಲೆ ಹಾರಿದರೆ ಅದೂ ಕಳೆಯ ಜೊತೆಗೇ ಹೋಗುತ್ತೆ. ಬೆಂಕಿಗೆ ಮಾತ್ರ ಜಗ್ಗಲ್ಲ. ಸೋಗೆಗೆ ಬೆಂಕಿ ಇಟ್ಟರೆ ಎಲೆ ಸುಡುತ್ತೆ, ಬುಡ ನೆಲಮಟ್ಟದಲ್ಲಿರೋದರಿಂದ ಮತ್ತೆ ಚಿಗುರುತ್ತೆ. ವರ್ಷಕ್ಕೆರಡು ಸಲ ಮಂಡಿಯೆತ್ತರಕ್ಕೆ ಕತ್ತರಿಸು, ತೆಂಡೆ ಹೆಚ್ಚುತ್ತೆ, ಸೊಪ್ಪು ಮುಚ್ಚಿಗೆಗೆ ಆಗುತ್ತೆ.”

ಅಷ್ಟು ಹೊತ್ತು ಅಡಿಕೆ ಕತ್ತರಿಸ್ತಿದ್ದ ಸಾಗರದ ಭಟ್ಟರು ಬಾಯಿ ಬಿಟ್ಟರು. “ಬಾರ್ಬಡೋಸ್, ಜಮೈಕಾದಲ್ಲಿ ಇದನ್ನ ಖಸ್ ಖಸ್ ಅಂತಲೇ ಕರೀತಾರೆ ಮಾರಾಯ.”

“ಗಸಗಸೆನಾ? ಪಾಯಸ ಮಾಡ್ತಾರಾ?”

“ಹುಲ್ಲಿನ ಪಾಯಸ ನೀನೇ ಕುಡಿ. ವೆಟಿವರ್ ಅನ್ನೋ ಹೆಸರು ಬಂದಿದ್ದು ತಮಿಳಿನಿಂದ. ವೆಟ್ಟಿವೇರ್, ಅಂದರೆ ಅಗೆದು ತೆಗೆದ ಬೇರು. ಹೈತಿಯವರು ಆ ಹೆಸರನ್ನ ಅಕ್ಷರಶಃ ಪಾಲಿಸ್ತಾರೆ. ಜಗತ್ತಿನ ಲಾವಂಚದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆ ದೇಶದ್ದು, ಅಲ್ಲಿನ ಲೆ ಕಾಯ್ ಊರಿನ ಸುತ್ತಿನದ್ದು. ನೂರು ಕೆ.ಜಿ. ಒಣಬೇರು ಭಟ್ಟಿ ಇಳಿಸಿದರೆ ಸಿಗೋದು ಒಂದು ಕೆ.ಜಿ. ಆಸುಪಾಸು. ಅದಕ್ಕಾಗಿ ಇಡೀ ಗುಡ್ಡ ಪಿಕಾಸಿಯಲ್ಲಿ ಅಗೀತಾರೆ. ಸಡಿಲಾದ ಮಣ್ಣು ಮುಂದಿನ ಮಳೆಗೆ ಹೊಳೆ ಪಾಲು.”

“ಗುಡ್ಡ ಕಾಯೋ ಹುಲ್ಲೇ ಗುಡ್ಡ ಇಳಿಸುತ್ತಾ?”

“ಹುಲ್ಲಲ್ಲ, ಪಿಕಾಸಿ. ಬೇರು ಬಲಿಯೋಕೆ ಒಂದೂವರೆ ವರ್ಷ ಬೇಕು. ಮಕ್ಕಳ ಸ್ಕೂಲ್ ಫೀಸ್ ಅಷ್ಟು ದಿನ ಕಾಯಲ್ಲ. ಎಳೆ ಬೇರೇ ಅಗೀತಾರೆ. ಎಣ್ಣೆಯೂ ತೆಳು, ದುಡ್ಡೂ ತೆಳು. ಒಂದು ಪಟ್ಟೆ ಅಗೆದು ಪಕ್ಕದ್ದನ್ನ ಬಿಡಬೇಕು, ಅಗೆದ ದಿನವೇ ಬುಡ ಕತ್ತರಿಸಿ ಅದೇ ಕುಳಿಗೆ ಮರಳಿ ನೆಡಬೇಕು. ಎಣ್ಣೆಗೆ ಅಂತಲೇ ಬೆಳೆಯೋದಾದರೆ ತಗ್ಗಿನ ಮರಳು ನೆಲವೇ ಸರಿ, ಬೇರು ಸಲೀಸಾಗಿ ಬರುತ್ತೆ. ಅವಸರಕ್ಕೆ ಜಾವಾದಲ್ಲೂ ಉದಾಹರಣೆ ಇದೆ. ಬೇಗ ಇಳೀಲಿ ಅಂತ ಉಗಿಯ ಒತ್ತಡ ಏರಿಸಿದರು, ಎಣ್ಣೆಗೆ ಸುಟ್ಟ ಹೊಗೆ ವಾಸನೆ ಹತ್ತಿಕೊಳ್ತು.”

ಮಂಜ ಬೆರಳು ಮಡಚಿ ಏನೋ ಎಣಿಸಿದ. “ಎರಡು ಸಾವಿರ ತೆಂಡೆ ನನ್ನ ಕೈಲಾಗಲ್ಲ ಗಿರಿಜಕ್ಕ. ಮಡಕೆ ನೀರಿಗೆ ಒಂದು ಹಿಡಿ ಬೇರು ಕೊಡಿ ಸಾಕು. ನಿಮ್ಮ ನರ್ಸರಿ ಅಂಚಲ್ಲಿ ಉದ್ದಕ್ಕೂ ಇದೆಯಲ್ಲ.”

“ಅಷ್ಟು ಹೊತ್ತು ಕೂತು ಏನು ಕೇಳಿಸ್ಕೊಂಡೆಯೋ? ಒಂದು ಬುಡ ಕಿತ್ತರೆ ಸಂದಿ ಬೀಳುತ್ತೆ. ಗ್ರಂಧಿಗೆ ಅಂಗಡೀಲಿ ಕಟ್ಟು ಸಿಗುತ್ತೆ, ಹೋಗಿ ಕೊಂಡ್ಕೋ.”